ಅತ್ತೆಯನ್ನು ಹೊರಗೆ ಕಳಿಸಿ ಕೇಳಬೇಕಾದ ಪ್ರಶ್ನೆ

ಕಳೆದ ವರ್ಷ ಕೊಪ್ಪಳದಲ್ಲಿ, ಹೊಸದಾಗಿ ಸೇವೆಗೆ ಸೇರಿದ ವೈದ್ಯರಿಗೊಂದು ತರಬೇತಿ ನಡೆಯಿತು. ನಿವೃತ್ತಳಾಗಿದ್ದ ನನ್ನನ್ನೂ ಮಾತಿಗೆ ಕರೆದಿದ್ದರು. ಗರ್ಭನಿರೋಧದ ಯಾವ ವಿಧಾನ ಯಾವ ಕಾಯಿಲೆಯಿರುವ ಹೆಣ್ಣುಮಗಳಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದು ನನಗೆ ಕೊಟ್ಟ ವಿಷಯ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ತರುಣ ವೈದ್ಯ ಎದ್ದು ನಿಂತ.

“ಮೇಡಂ, ಅದಕ್ಕ ಈಗ ಮೊಬೈಲ್‌ನಾಗ ಆ್ಯಪ್ ಐತ್ರಿ. ರೋಗದ ಹೆಸರು ಒತ್ತಿದ್ರ ಯಾವ್ದು ಕೊಡಬೇಕು, ಯಾವ್ದು ಕೊಡಬಾರ್ದು, ಎಲ್ಲಾ ತೋರಸ್ತೈತಿ. ಇದರಾಗ ಅನುಭವ ಏನ್ ಬೇಕಾಗ್ತೈತ್ರಿ?”

ಸಭೆ ನಕ್ಕಿತು. ನಾನೂ ನಕ್ಕೆ. “ಆ ರೋಗದ ಹೆಸರ ನಿನಗ ಯಾರ ಹೇಳ್ತಾರಪಾ?” ಎಂದು ಕೇಳಿದೆ.

“ಪೇಶಂಟ್ ಹೇಳ್ತಾಳಲ್ರಿ.”

ಅವನ ಆ ಉತ್ತರಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅವನು ಬುದ್ಧಿವಂತ, ಅವನು ಓದಿದ್ದರಲ್ಲಿ ತಪ್ಪಿಲ್ಲ. ನಮ್ಮ ಜಿಲ್ಲೆಯಲ್ಲಿ ಪೇಶಂಟ್ ಹೇಳುವುದಿಲ್ಲ ಎಂಬುದನ್ನು ಅವನಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ, ಅಷ್ಟೇ. ಯಾಕೆ ಹೇಳುವುದಿಲ್ಲ, ಹೇಳಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಅದನ್ನು ಸವಿಯಾಗಿ ಹೇಳುವುದು ಮಾತ್ರ ನನ್ನಿಂದಾಗದು.

ನಾನು ಬಳ್ಳಾರಿಯಲ್ಲಿ ವೈದ್ಯಕೀಯ ಓದಿದವಳು. ಓದುವಾಗ ವಿದ್ಯಾರ್ಥಿ ಸಂಘಟನೆಯ ಅಧ್ಯಯನ ಕೂಟಗಳಲ್ಲಿ ಕುಳಿತು ವಾದ ಮಾಡಿದವಳು, ಬೀದಿಯಲ್ಲಿ ನಿಂತು ನಾಟಕ ಆಡಿದವಳು. ಹೆಣ್ಣಿನ ದೇಹದ ಮೇಲೆ ಹೆಣ್ಣಿಗೇ ಹಕ್ಕು ಎಂಬ ಘೋಷಣೆಯನ್ನು ಗೋಡೆಗೆ ಬರೆದ ಕೈಯಲ್ಲೇ ಸರ್ಕಾರಿ ನೇಮಕಾತಿ ಪತ್ರ ಹಿಡಿದು ಈ ಕಡೆ ಬಂದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲೇ ನನ್ನ ಸೇವೆಯೆಲ್ಲ ಕಳೆಯಿತು. ಮುಂದೆ ಹೇಳುವುದು ಯಾವ ಆಸ್ಪತ್ರೆಯಲ್ಲಿ ನಡೆಯಿತೆಂದು ಬರೆಯುವುದಿಲ್ಲ. ಹೆಸರು ಹೇಳಿದರೆ ಉಳಿದ ಆಸ್ಪತ್ರೆಗಳು ತಮ್ಮನ್ನು ನಿರಪರಾಧಿಗಳೆಂದು ತಿಳಿಯುತ್ತವೆ.

ನಾನು ಸೇರಿದಾಗ ವಿಧಾನವನ್ನು ಆರಿಸುವುದಕ್ಕೆ ಒಂದೇ ಅಳತೆಗೋಲಿತ್ತು: ಮಕ್ಕಳ ಸಂಖ್ಯೆ. ಒಂದು ಕೂಸಾಗಿದ್ದರೆ ಮಾತ್ರೆ ಇಲ್ಲವೇ ಕಾಪರ್-ಟಿ, ಎರಡಾಗಿದ್ದರೆ ಆಪರೇಷನ್. ಆಕೆಯ ರಕ್ತದೊತ್ತಡ ಎಷ್ಟು, ಹೃದಯದ ಕವಾಟ ಸರಿಯಿದೆಯೇ, ತಲೆನೋವು ಬರುವ ಮೊದಲು ಕಣ್ಣೆದುರು ಮಿಂಚು ಹರಿದಾಡುತ್ತದೆಯೇ, ಕ್ಷಯಕ್ಕೆ ಮಾತ್ರೆ ತಿನ್ನುತ್ತಿದ್ದಾಳೆಯೇ, ಇದ್ಯಾವುದನ್ನೂ ಯಾರೂ ಕೇಳುತ್ತಿರಲಿಲ್ಲ. ಗಂಡನ ಕಡೆಗಂತೂ ಯಾರ ಕಣ್ಣೂ ಹೋಗುತ್ತಿರಲಿಲ್ಲ. ಗಂಡಸಿನ ಶಸ್ತ್ರಚಿಕಿತ್ಸೆ ಹೆಣ್ಣಿನದಕ್ಕಿಂತ ಸರಳ, ಸುರಕ್ಷಿತ ಎಂದು ಹೇಳಲು ಹೋದಾಗಲೆಲ್ಲ ನನಗೆ ಸಿಕ್ಕ ಉತ್ತರ ಒಂದೇ: “ಅಂವ ಹೊಲದಾಗ ದುಡಿಯಾಂವ ಅದಾನ್ರಿ.” ಹಾಗೆ ಹೇಳುವ ಹೆಂಗಸಿನ ಅಂಗೈ ತುಂಬ ಕಳೆ ಕಿತ್ತ ಬಿರುಕುಗಳಿರುತ್ತಿದ್ದವು.

ಆಮೇಲೆ ರಟ್ಟಿನ ಚಕ್ರವೊಂದು ಬಂತು. ಕಾಯಿಲೆಯ ಕಡೆಗೆ ತಿರುಗಿಸಿದರೆ ಪ್ರತಿ ವಿಧಾನಕ್ಕೂ ಒಂದು ಅಂಕೆ ಕಾಣುತ್ತಿತ್ತು. ಒಂದು ಎಂದರೆ ನಿಶ್ಚಿಂತೆಯಿಂದ ಕೊಡಬಹುದು, ನಾಲ್ಕು ಎಂದರೆ ಕೊಡಲೇಬಾರದು. ಆ ಚಕ್ರ ಕೈಗೆ ಬಂದ ದಿನ ನಾನು ಮಗುವಿನಂತೆ ಖುಷಿಪಟ್ಟೆ. ಒಬ್ಬೊಬ್ಬ ಹೆಣ್ಣುಮಗಳನ್ನೂ ಅವಳ ದೇಹದ ಕಥೆಯಿಂದಲೇ ಗುರುತಿಸಬೇಕು ಎಂದು ಜಗತ್ತು ಕೊನೆಗೂ ಒಪ್ಪಿತಲ್ಲ ಎನ್ನಿಸಿತು. ನಮ್ಮ ಮೇಲಧಿಕಾರಿಗಳು ಅದನ್ನು ತಮ್ಮ ಮೇಜಿನ ಗಾಜಿನ ಕೆಳಗೆ ಸೇರಿಸಿದರು. ಗಾಜಿನ ಕೆಳಗೆ ಚಕ್ರ ತಿರುಗುವುದಿಲ್ಲ.

ಅದೇ ಅಧಿಕಾರಿಗಳು ಹೆರಿಗೆಯ ಮೇಜಿನಿಂದ ಇಳಿಯುವ ಮೊದಲೇ ಬಾಣಂತಿಗೆ ಕಾಪರ್-ಟಿ ಹಾಕಿಬಿಡಬೇಕೆಂದು ಹೇಳಿದವರು. ಹೆರಿಗೆಯಾದ ಕೂಡಲೇ ಹಾಕುವುದು ತಪ್ಪಲ್ಲ, ಒಳ್ಳೆಯ ವಿಧಾನವೇ. ಆದರೆ ಅವಳನ್ನು ಕೇಳಬೇಕು. “ಮೊದಲ ಹಾಕ್ರಿ, ಆಮ್ಯಾಲ ಹೇಳ್ರಿ. ಮೊದಲ ಹೇಳಿದ್ರ ಯಾರ ಹಾಕಿಸ್ಕೊಂತಾರ?” ಎಂದರು ಅವರು. ಆಮೇಲೆಯೂ ಯಾರೂ ಹೇಳಲಿಲ್ಲ. ಕೆಲವು ತಿಂಗಳ ನಂತರ ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡ ಒಬ್ಬ ಹೆಂಗಸು ಗೋಡೆ ಹಿಡಿದು ಒಳಗೆ ಬಂದಳು. ಮೊದಲೇ ಹೆಚ್ಚು ಸ್ರಾವವಿದ್ದವಳು; ಅಂಥವರಿಗೆ ಕಾಪರ್-ಟಿ ಸ್ರಾವವನ್ನು ಇನ್ನೂ ಹೆಚ್ಚಿಸುತ್ತದೆ. ಒಳಗೆ ಕಾಪರ್-ಟಿ ಇದೆ ಎಂದಾಗ ಅವಳು ನನ್ನ ಮುಖವನ್ನೇ ನೋಡಿದಳು. “ನನ್ನೊಳಗ ಏನ ಇಟ್ಟಾರಂತ ನಿಮಗ ಗೊತ್ತೈತಿ, ನನಗ ಗೊತ್ತಿಲ್ಲಲ್ರಿ” ಎಂದಳು. ಇದಕ್ಕಿಂತ ದೊಡ್ಡ ದೋಷಾರೋಪ ಪಟ್ಟಿಯನ್ನು ನಾನು ನನ್ನ ಸೇವೆಯಲ್ಲಿ ಓದಿಲ್ಲ.

ಇನ್ನು ಕೇಳುವ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಸೊಸೆ ಆಸ್ಪತ್ರೆಗೆ ಒಬ್ಬಳೇ ಬರುವುದಿಲ್ಲ, ಅತ್ತೆ ಜೊತೆಗಿರುತ್ತಾಳೆ. ಕುರ್ಚಿಯ ಮೇಲೆ ಅತ್ತೆ ಕೂಡುತ್ತಾಳೆ, ಸೊಸೆ ಅವಳ ಬೆನ್ನಿಗೆ ನಿಲ್ಲುತ್ತಾಳೆ. ನನ್ನ ಬದುಕಿನ ಉದ್ದಕ್ಕೂ ಮರೆಯಲಾಗದ ಅತ್ತೆಯ ಹೆಸರು ಬಸವ್ವ. ಯಲಬುರ್ಗಾ ಕಡೆಯ ಒಂದು ಹಳ್ಳಿಯವಳು, ಗಟ್ಟಿ ದನಿಯವಳು. ಆಕೆಯ ಸೊಸೆ ಹುಲಿಗೆವ್ವ. ತವರು ಗಂಗಾವತಿಯ ಆಚೆ, ಹೇಮಗುಡ್ಡದ ಮಗ್ಗುಲಿಗೆ. ಮೊದಲ ಸಲ ಅವರಿಬ್ಬರೂ ಬಂದಾಗ ನಾನು ಹುಲಿಗೆವ್ವನ ಕಡೆ ನೋಡಿ, ಮುಟ್ಟಾಗಿ ಎಷ್ಟು ದಿನವಾಯಿತೆಂದು ಕೇಳಿದೆ.

“ಹ್ವಾದ ತಿಂಗಳ ಅಮಾಸಿ ಮುಂದ ಆಗಿದ್ಲ್ರಿ. ಈ ತಿಂಗಳ ಇಲ್ಲ,” ಎಂದಳು ಬಸವ್ವ.

“ಯವ್ವಾ, ನಾ ಕೇಳಿದ್ದು ಆಕೀಗೆ.”

“ಆಕೀಗೇನ ತಿಳಿತೈತ್ರಿ ಬಾಯಾರ? ಹೊರಗ ಕುಂತಾಗ ಮ್ಯಾಲಿಂದ ನೀರ ಹಾಕಾಕಿ ನಾನು. ನೆಪ್ಪ ಇಡಾಕಿ ನಾನು. ಆಕಿ ಬರೇ ಕುಂದ್ರತಾಳ!”

ಸಾಲಿನಲ್ಲಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಹುಲಿಗೆವ್ವನೂ ಸೆರಗಿನೊಳಗೆ ನಕ್ಕಳು. ಅವಳ ಕಂಕುಳಲ್ಲಿ ಮಗನಿದ್ದ, ಇನ್ನೂ ಎದೆಹಾಲು ಬಿಡದ ಕೂಸು. ಪರೀಕ್ಷಿಸಿದೆ, ಮತ್ತೆ ಬಸುರಿ. ಆದರೆ ನಮ್ಮದೇ ಆಸ್ಪತ್ರೆಯಿಂದ ಅವಳಿಗೆ ಗರ್ಭನಿರೋಧಕ ಮಾತ್ರೆ ಹೋಗುತ್ತಿತ್ತು. ಮಾತ್ರೆ ಕೊಟ್ಟ ಸಿಸ್ಟರ್ ಅಲ್ಲಿಂದಲೇ ಗದರಿದರು: “ನುಂಗಿರಂಗಿಲ್ಲ. ತಿಪ್ಪಿಗೆ ಒಗದಿರತಾಳ. ಇವ್ರ ಹಣೇಬರಾನ ಇಷ್ಟ.”

“ದೇವರಾಣಿ, ಒಂದ ದಿನಾನೂ ತಪ್ಪಿಸಿಲ್ರಿ,” ಎಂದಳು ಹುಲಿಗೆವ್ವ. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು ಅದು.

ಮಾತ್ರೆ ಸೋಲುವುದಕ್ಕೆ ಹೆಣ್ಣಿನ ಮರೆವೇ ಕಾರಣ ಎಂದು ಮೊದಲೇ ತೀರ್ಮಾನಿಸುವುದು ನಮ್ಮ ವೃತ್ತಿಯ ಹಳೆಯ ಹೊಲಸು ಚಟ. ನನಗೆ ಬೇರೆ ಅನುಮಾನ ಬಂತು. ಅತ್ತೆಯನ್ನು ಹೊರಗೆ ಕಳಿಸಬೇಕಿತ್ತು. “ಹೊರಗ ಹೋಗ್ರಿ” ಎಂದರೆ ನಮ್ಮ ಅತ್ತೆಯರು ಹೋಗುವುದಿಲ್ಲ. ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಾರೆ. ಅದಕ್ಕೆ ನಾನೊಂದು ಉಪಾಯ ರೂಢಿಸಿಕೊಂಡಿದ್ದೆ. “ಯವ್ವಾ, ನಡಿವಾಗ ಕಾಲ ಎಳೀತೀಯಲ್ಲ, ನೋವೇನು? ಅಂಗಳದಾಚಿ ಖೋಲಿಗೆ ಹೋಗಿ ನಿನ್ನ ಬಿಪಿ ನೋಡಿಸ್ಕೊಂಡ ಬಾ,” ಎಂದೆ. ಆ ವಯಸ್ಸಿನ ಹೆಂಗಸರಿಗೆ “ನಿನಗ ಹ್ಯಾಂಗೈತಿ” ಎಂದು ಮನೆಯಲ್ಲಿ ಯಾರೂ ಕೇಳಿರುವುದಿಲ್ಲ. ಬಸವ್ವನ ಮುಖ ಅರಳಿತು. “ಭಾಳ ನೋಯ್ತಾವ್ರಿ ಬಾಯಾರ. ನೀವ ನೋಡ್ರಿ ಕೇಳಿದಾಕಿ,” ಎನ್ನುತ್ತ ಹೋದಳು.

ಬಾಗಿಲು ಮುಚ್ಚಿದೆ. ಬೇರೆ ಏನಾದರೂ ಮಾತ್ರೆ ತಿನ್ನುತ್ತೀಯಾ ಎಂದು ಕೇಳಿದೆ. ಹುಲಿಗೆವ್ವ ಮೊದಲು ಬಾಗಿಲ ಕಡೆ ನೋಡಿದಳು.

“ಅಕ್ಕಾರ, ಯಾರ ಮುಂದನೂ ಅನಬ್ಯಾಡ್ರಿ. ಸಣ್ಣಾಕಿ ಇದ್ದಾಗಿಂದ ನನಗ ಮೂರ್ಛಿ ಬರ್ತೈತ್ರಿ.”

ತವರಿನಲ್ಲೇ ಚಿಕಿತ್ಸೆ ಆಗಿತ್ತು. ಮದುವೆಯ ಹಿಂದಿನ ದಿನ ಅವಳ ತಾಯಿ ಎಳ್ಳುಬೆಲ್ಲ ಮುಟ್ಟಿಸಿ, ಗಂಡನ ಮನೆಯಲ್ಲಿ ಇದನ್ನು ಉಸುರಬಾರದೆಂದು ಆಣೆ ಹಾಕಿಸಿದ್ದಳು. ಕಾಲುವೆ ನೀರಿನ ಸೀಮೆಯ ಬೀಗರು ಈ ಒಣಭೂಮಿಯ ಮನೆಗಳಿಗೆ ಅಕ್ಕಿ ಕಳಿಸುವುದು ಒಂದು ಪದ್ಧತಿ. ಅವಳ ಅಣ್ಣ ಹಬ್ಬಕ್ಕೊಮ್ಮೆ ಅಕ್ಕಿಯ ಚೀಲ ಇಳಿಸಿ ಹೋಗುತ್ತಿದ್ದ. ಚೀಲದ ನಡುವೆ ಬಟ್ಟೆಯ ಗಂಟಿನಲ್ಲಿ ಮೂರ್ಛೆಯ ಗುಳಿಗೆ. “ಅಕ್ಕಿ ನಾನ ಕೇರತೀನಿ ಅಂತ ಹಟ ಮಾಡ್ತೀನ್ರಿ. ನಮ್ಮತ್ತಿ ಎಲ್ಲಾರ ಮುಂದ ಹೇಳ್ತಾಳ, ನನ್ನ ಸೊಸಿ ಭಾಳ ಕಷ್ಟಜೀವಿ ಅಂತ.”

ಮೂರ್ಛೆರೋಗದ ಕೆಲವು ಗುಳಿಗೆಗಳು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ, ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ದೇಹದಿಂದ ಬೇಗ ಹೊರಹಾಕಿಬಿಡುತ್ತವೆ. ಅವಳು ಒಂದು ದಿನವೂ ತಪ್ಪಿಸದೆ ಎರಡನ್ನೂ ನುಂಗಿದ್ದಳು. ಒಂದು ಗುಳಿಗೆ ಇನ್ನೊಂದನ್ನು ತಿಂದುಹಾಕಿತ್ತು. ಸಿಸ್ಟರ್ ಅತ್ತೆಯ ಎದುರಿಗೇ “ಏನರ ರೋಗ ಐತೇನು” ಎಂದು ಕೇಳಿದ್ದರು, ಇವಳು “ಏನಿಲ್ರಿ” ಎಂದಿದ್ದಳು. ಚಕ್ರಕ್ಕೆ ತಿರುಗಲು ಅಷ್ಟೇ ಸಾಕಿತ್ತು, ತಪ್ಪು ದಿಕ್ಕಿಗೆ.

ಹೆಣ್ಣುಮಕ್ಕಳ ಕಾಯಿಲೆಯ ಚರಿತ್ರೆ ನಮ್ಮಲ್ಲಿ ತವರಿನಲ್ಲೇ ಉಳಿಯುತ್ತದೆ, ಗಂಡನ ಮನೆಗೆ ಬರುವುದು ಅರಿಸಿನ ಹಚ್ಚಿದ ಮೈ ಮಾತ್ರ. ಮೊದಲ ಹೆರಿಗೆಯಲ್ಲಿ ಒತ್ತಡ ಏರಿದ್ದೂ ತವರಿನ ಗುಟ್ಟು, ಎದೆಯ ಕವಾಟ ಸೋರುವುದೂ ತವರಿನ ಗುಟ್ಟು. ಈ ಸುಳ್ಳಿಗೆ ತಾಯಂದಿರನ್ನು ದೂರಬೇಡಿ. ರೋಗಿಷ್ಟ ಸೊಸೆಯನ್ನು ಸವೆದ ಚಪ್ಪಲಿಯಂತೆ ಹೊರಗೆಸೆಯುವ ಸಮಾಜವೇ ಅವರ ಬಾಯಿಗೆ ಈ ಸುಳ್ಳನ್ನಿಟ್ಟಿತು.

ಎರಡನೆಯ ಹೆರಿಗೆಗೆ ಹುಲಿಗೆವ್ವ ತವರಿಗೆ ಹೋಗಿ, ಹೆಣ್ಣುಮಗುವಿನೊಂದಿಗೆ ಮರಳಿದಳು. ಈ ಸಲ ನಾವಿಬ್ಬರೂ ಕುಳಿತು ಯೋಚಿಸಿದೆವು. ಕಾಪರ್-ಟಿಗೆ ಮೂರ್ಛೆಯ ಗುಳಿಗೆಯಿಂದ ಅಡ್ಡಿಯಿಲ್ಲ. ಆದರೆ ಅವಳಿಗೆ ಮೊದಲೇ ಸ್ರಾವ ಹೆಚ್ಚು, ರಕ್ತ ಕಡಿಮೆ. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ಆಗಷ್ಟೇ ಸರ್ಕಾರಿ ಆಸ್ಪತ್ರೆಗಳಿಗೆ ಬಂದಿತ್ತು. ಅದು ಆ ಗುಳಿಗೆಗೆ ಸೋಲುವುದಿಲ್ಲ, ಸ್ರಾವವನ್ನೂ ಕಡಿಮೆ ಮಾಡುತ್ತದೆ. ಮುಟ್ಟು ನಿಂತೇ ಹೋಗಬಹುದು, ಹೆದರಬಾರದು ಎಂದೂ ಹೇಳಿದೆ. “ಸೂಜೀನ ಛಲೋ ಬಿಡ್ರಿ. ಮುಚ್ಚಿಡಾಕ ಇನ್ನೊಂದ ಗುಳಿಗಿ ಆಗಂಗಿಲ್ಲ,” ಎಂದಳು. ಅವಳೇ ಆರಿಸಿಕೊಂಡಳು. ಪ್ರತಿ ಸಲ ಬಸವ್ವ ಅಂಗಳದಾಚೆ ಬಿಪಿ ನೋಡಿಸಿಕೊಳ್ಳಲು ಹೋಗುತ್ತಿದ್ದಳು, ಈಚೆ ನಾನು ಸೂಜಿ ಹಾಕುತ್ತಿದ್ದೆ. ಹುಲಿಗೆವ್ವನ ಮುಖಕ್ಕೆ ರಕ್ತ ಬಂತು. ಸರಿಯಾದ ದೇಹಕ್ಕೆ ಸರಿಯಾದ ವಿಧಾನ ಎಂಬುದು ನನ್ನ ಸೇವೆಯಲ್ಲಿ ಪೂರ್ತಿಯಾಗಿ ನೆರವೇರಿದ್ದು ಆ ಒಂದು ಕಾಲದಲ್ಲಿ.

ಕೆಟ್ಟಿದ್ದು ಎಲ್ಲಿ ನೋಡಿ. ಸೊಸೆ ಹೊರಗೆ ಕೂಡುವುದು ನಿಂತಿತು. ತಲೆಯ ಮೇಲೆ ನೀರು ಹಾಕುವವಳಿಗೆ ಅದು ತಿಳಿಯದೆ ಇರುತ್ತದೆಯೇ? ಬಸುರಿಯೂ ಅಲ್ಲ, ಮುಟ್ಟೂ ಇಲ್ಲ. “ಕೆಟ್ಟ ರಕ್ತ ಹೊಟ್ಟ್ಯಾಗ ಕಟ್ಟೈತಿ. ಎರಡ ಮಕ್ಕಳಾದ್ವಲ್ಲ, ಆಪರೇಷನ್ ಮಾಡ್ಸಿಬಿಟ್ರ ಎಲ್ಲಾ ಸಾಪ್ ಆಕ್ಕೈತಿ” ಎಂದು ಬಸವ್ವ ನಿಶ್ಚಯಿಸಿದಳು. ನನಗೆ ತಿಳಿಸದೆ, ಆಪರೇಷನ್ನಿನ ದಿನ ಸೊಸೆಯನ್ನು ಕರೆತಂದಳು. ಆಗ ಶಿಬಿರಗಳು ನಿಂತಿವೆ ಎಂದು ಹೇಳಲಾಗುತ್ತಿತ್ತು. ‘ನಿಗದಿತ ದಿನ’ ಎಂಬ ಹೊಸ ಹೆಸರು ಬಂದಿತ್ತು. ವರಾಂಡದಲ್ಲಿ ಸಾಲಾಗಿ ಕುಳಿತ ಹೆಂಗಸರು, ಕಿಟಕಿಗೆ ಜೋತುಬಿದ್ದ ನೆಂಟರು, ವರ್ಷದ ಕೊನೆಯ ಗುರಿಯ ಅವಸರ, ಎಲ್ಲ ಹಳೆಯದೇ.

ಅಲ್ಲಿ ಒಂದು ಪದ್ಧತಿಯಿತ್ತು. ತಪಾಸಣೆಯಲ್ಲಿ ತಿರಸ್ಕೃತರಾದವರ ಹೆಸರನ್ನೂ ಕಾರಣವನ್ನೂ ಆಸ್ಪತ್ರೆಯ ಒಬ್ಬ ಕೆಲಸಗಾರ ಮೆಟ್ಟಿಲ ಮೇಲೆ ನಿಂತು ಕೂಗಬೇಕು. ಕಾರಣ ಹೇಳದಿದ್ದರೆ ನೆಂಟರು ಜಗಳಕ್ಕೆ ಬರುತ್ತಾರೆಂದು ಮಾಡಿದ ಏರ್ಪಾಡು. “ಅಳವಂಡಿ ಶಾಂತವ್ವ, ಬಿಪಿ, ವಾಪಸ್! ಈರಮ್ಮ, ಬಸುರಿ, ವಾಪಸ್!” ಹೆಣ್ಣಿನ ಒಳಗಿನದನ್ನೆಲ್ಲ ಹರಾಜಿಗಿಟ್ಟ ಹಾಗೆ. ನಾನು ಹಲವು ಸಲ ಬಾಯಿಂದಲೂ ಬರಹದಲ್ಲೂ ಪ್ರತಿಭಟಿಸಿದ್ದೆ.

ತಪಾಸಣೆಯಲ್ಲಿ ನನ್ನನ್ನು ಕಂಡು ಹುಲಿಗೆವ್ವ ಮೆಲ್ಲಗೆ ಹೇಳಿದಳು: ಆ ಹಬ್ಬಕ್ಕೆ ತವರಿನ ಅಕ್ಕಿ ಬಂದಿರಲಿಲ್ಲ. ಗುಳಿಗೆ ತಪ್ಪಿತ್ತು, ಹಿತ್ತಲಲ್ಲಿ ಒಬ್ಬಳೇ ಬಿದ್ದು ನಾಲಿಗೆ ಕಚ್ಚಿಕೊಂಡಿದ್ದಳು. ಹತೋಟಿಯಲ್ಲಿಲ್ಲದ ಮೂರ್ಛೆಯವಳನ್ನು ಅರಿವಳಿಕೆ ತಜ್ಞರಿಲ್ಲದ ಕಡೆ ಮೇಜಿನ ಮೇಲೆ ಮಲಗಿಸುವುದು ಜೀವದ ಜೊತೆ ಆಟ. ಶಸ್ತ್ರಚಿಕಿತ್ಸಕರನ್ನು ಬದಿಗೆ ಕರೆದು ಇರುವ ವಿಷಯ ಹೇಳಿದೆ. ಹೇಳದೆ ಇರುವ ಹಾಗಿರಲಿಲ್ಲ. ಹೊರಗೆ ಮಾತ್ರ “ರಕ್ತ ಕಮ್ಮಿ” ಎಂದು ಕೂಗಿಸಲು ಬೇಡಿಕೊಂಡೆ.

“ಸುಳ್ಳ ಹೇಳಬಾರದು ಅಂತ ಮೀಟಿಂಗ್‌ನಾಗ ಭಾಷಣ ಮಾಡಾವ್ರು ನೀವಲ್ರಿ ಮೇಡಂ?” ಎಂದು ನಕ್ಕರು. ಕೈಗವಸು ಕಳಚುತ್ತ ಬಾಗಿಲಲ್ಲಿದ್ದವನಿಗೆ ಏನೋ ಅಂದರು. ನಾನು ಬಾಗಿಲು ಮುಟ್ಟುವ ಮೊದಲೇ ಮೆಟ್ಟಿಲ ಮೇಲಿಂದ ದನಿ ಕೇಳಿಸಿತು.

“ಹುಲಿಗೆವ್ವ, ಫಿಟ್ಸ್, ವಾಪಸ್!”

ಬಸವ್ವ ಪಕ್ಕದವಳನ್ನು ಕೇಳಿದಳು: “ಫಿಟ್ಸ್ ಅಂದ್ರ ಏನಬೇ?”

“ಮೂರ್ಛಿ ಬ್ಯಾನಿ ಬೇ ಯಕ್ಕಾ.”

ಬಸವ್ವ ಕೂಗಾಡಲಿಲ್ಲ. ಮೊಮ್ಮಗನನ್ನು ಎತ್ತಿ ಕಂಕುಳಿಗೆ ಹಾಕಿಕೊಂಡಳು. ಹೆಣ್ಣುಕೂಸನ್ನು ಹುಲಿಗೆವ್ವನ ಮಡಿಲಿಗೆ ಇಟ್ಟಳು. ಆ ಹಂಚಿಕೆಯಲ್ಲೇ ತೀರ್ಪು ಇತ್ತು. ಸಂಜೆಯ ಬಸ್ಸಿಗೆ ಹುಲಿಗೆವ್ವ ಆ ಕೂಸಿನೊಂದಿಗೆ ಗಂಗಾವತಿ ಕಡೆಯ ತವರಿಗೆ ಹೋದಳು.

ಮುಂದಿನ ಭಾನುವಾರ ನಾನು ಆ ಹಳ್ಳಿಗೆ ಹೋದೆ. ಮೂರ್ಛೆ ಗುಳಿಗೆಯಿಂದ ಹತೋಟಿಗೆ ಬರುವ ಕಾಯಿಲೆ, ಅಂಟುವುದಿಲ್ಲ, ಇದಕ್ಕಾಗಿ ಹೆಂಡತಿಯನ್ನು ಬಿಡುವುದು ಅನ್ಯಾಯ ಎಂದು ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಅವಳ ಗಂಡ ಯಮನೂರಪ್ಪ ತಲೆ ತಗ್ಗಿಸಿ ಕೇಳಿದ. “ರೋಗಕ್ಕ ನನ್ನ ತಕರಾರಿಲ್ರಿ. ಇಷ್ಟ ವರ್ಷ ಮಗ್ಗಲಾಗ ಮಲಗಿ ನನ್ನ ಮುಂದ ಒಂದ ಮಾತ ಅನಲಿಲ್ಲಲ್ರಿ ಆಕಿ,” ಎಂದ. ಅಂದಿದ್ದರೆ ಇಟ್ಟುಕೊಳ್ಳುತ್ತಿದ್ದೆಯಾ ಎಂದು ಕೇಳಿದೆ. ಅವನು ಎದ್ದು ದನಗಳ ಕಡೆಗೆ ಹೋದ.

ಮಾತು ಬಂದದ್ದು ಒಲೆಯ ಮುಂದೆ ಕುಳಿತಿದ್ದ ಬಸವ್ವನಿಂದ. “ನಿಮಗ ಮೊದಲಿಂದ ಗೊತ್ತಿತ್ತು ಬಾಯಾರ. ಹೌದಿಲ್ಲೋ?”

“ಗೊತ್ತಿತ್ತು.”

“ಹಂಗಾದ್ರ ನನ್ನ ಕಾಲನೋವ ನೀವು ಕೇಳಿದ್ದು ಅದಕ್ಕ ಏನ್ರಿ?”

ಆ ಮಾತು ಇವತ್ತಿಗೂ ಇರಿಯುತ್ತದೆ. ಆದರೆ ಗುಟ್ಟನ್ನು ಕಾಯ್ದದ್ದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಅದು ಹುಲಿಗೆವ್ವನ ಗುಟ್ಟು, ಹೇಳುವ ಹಕ್ಕು ಅವಳದು. ಅದನ್ನು ಕಿತ್ತು ಬೀದಿಗೆಸೆದದ್ದು ಮೆಟ್ಟಿಲ ಮೇಲಿನ ಬಡ ಕೆಲಸಗಾರನಲ್ಲ, ಅವನನ್ನು ಅಲ್ಲಿ ನಿಲ್ಲಿಸಿದವರು. ನಾನು ಲಿಖಿತ ದೂರು ಕೊಟ್ಟೆ. ಕೂಗಿದ್ದು ಸರಿಯಾಗಿ ಕೇಳಿಸದೆ ಗೊಂದಲವಾಗಿದೆ ಎಂದು ಮೇಲಿನವರು ಅದನ್ನು ಅರ್ಥಮಾಡಿಕೊಂಡರು. ಮುಂದಿನ ನಿಗದಿತ ದಿನಕ್ಕೆ ಮೈಕ್ ತರಿಸಿದರು.

ಈಗ ಆಸ್ಪತ್ರೆಗಳಲ್ಲಿ ಸಮಾಲೋಚನೆಗೆ ಬೇರೆ ಕೋಣೆಗಳಿವೆ. ಬಾಗಿಲಿಗೆ ಹೂವಿನ ಪರದೆ ಇದೆ. ಪರದೆ ಕಣ್ಣನ್ನು ತಡೆಯುತ್ತದೆ, ಕಿವಿಯನ್ನು ತಡೆಯುವುದಿಲ್ಲ. ಎಷ್ಟೋ ಕಡೆ ಅತ್ತೆ ಬರುವುದೂ ನಿಂತಿದೆ. ಸೊಸೆಯ ಕೈಯಲ್ಲಿನ ಫೋನಿನ ಸ್ಪೀಕರಿನಲ್ಲಿ ಇರುತ್ತಾಳೆ. ಆ್ಯಪ್ ಒತ್ತುವ ಮೊದಲು ಆ ಫೋನ್ ಇಡಿಸಿ. ಬಾಗಿಲು ಹಾಕಿ. “ಏನರ ರೋಗ ಐತೇನು” ಎಂದು ಕೇಳಬೇಡಿ. “ತವರಮನ್ಯಾಗ ಏನ ಗುಳಿಗಿ ತಗೊಂತಿದ್ದಿ” ಎಂದು ಕೇಳಿ. ಅತ್ತೆಯ ಕಾಲುನೋವನ್ನೂ ನಿಜವಾಗಿಯೇ ನೋಡಿ.

ನನ್ನ ಕೊನೆಯ ವರ್ಷ ಗಂಗಾವತಿ ಕಡೆಯಲ್ಲಿ ಕಳೆಯಿತು. ಒಂದು ಮಧ್ಯಾಹ್ನ, ತಲೆಗೂದಲ ತುಂಬ ತೌಡಿನ ಧೂಳು ಕೂತ ಹೆಂಗಸೊಬ್ಬಳು ಸಾಲಿನಲ್ಲಿ ನಿಂತಿದ್ದಳು. ಅಕ್ಕಿ ಗಿರಣಿಯಿಂದ ನೇರ ಬಂದವಳು, ಕೈಯಲ್ಲಿ ಹೆಣ್ಣುಮಗು. ಅವಳೇ ಮೊದಲು ಗುರುತು ಹಿಡಿದಳು. “ಅಕ್ಕಾರ, ನಾನ್ರಿ ಹುಲಿಗೆವ್ವ. ಗುಳಿಗಿ ಒಯ್ಯಾಕ ಬಂದೀನ್ರಿ.”

ಮೂರ್ಛೆ ಬಂದು ಬಹಳ ಕಾಲವಾಗಿತ್ತು. ಗುಳಿಗೆ ಇನ್ನು ಅಕ್ಕಿಯ ಚೀಲವನ್ನು ಕಾಯಬೇಕಿರಲಿಲ್ಲ. ಅಭ್ಯಾಸಬಲದಿಂದ ನಾನು ಸೂಜಿಯ ಬಗ್ಗೆ ಕೇಳಿಬಿಟ್ಟೆ.

“ಅದ್ಯಾಕ್ರಿ ಇನ್ನ? ಅದಕ್ಕ ಗಂಡ ಬೇಕಲ್ರಿ,” ಎಂದು ನಕ್ಕಳು. ಸಾಲಿನಲ್ಲಿದ್ದವರೂ ನಕ್ಕರು. ಅವಳು ಹೂಜಿಯಿಂದ ನೀರು ಬಗ್ಗಿಸಿಕೊಂಡು, ಎಲ್ಲರ ಎದುರಿಗೇ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ನುಂಗಿದಳು. “ಈಗ ಯಾರ ಮುಂದ ಬೇಕಾದ್ರೂ ನುಂಗತೀನ್ರಿ.”

“ಮಗನ್ನ ನೋಡಿದ್ಯಾ?”

ಲೋಟವನ್ನು ಮೊದಲಿದ್ದ ಜಾಗದಲ್ಲೇ ಬೋರಲು ಹಾಕಿದಳು. “ಸಾಲಿಗೆ ಹೊಂಟಾನಂತ್ರಿ. ನಿಮ್ಮವ್ವಗ ಕೆಟ್ಟ ರೋಗ ಐತಿ, ಮುಟ್ಟಬಾರದು ಅಂತ ಹೇಳ್ಯಾರಂತ ಅವಗ. ಒಮ್ಮೆ ಅವನ ಮುಂದ ಕುಂತ ನುಂಗಬೇಕ್ರಿ ಅಕ್ಕಾರ. ಇಷ್ಟ ನೋಡಪಾ, ಒಂದ ಗುಳಿಗಿ, ಇದರಷ್ಟ ಐತಿ ನಿಮ್ಮವ್ವನ ರೋಗ ಅಂತ ತೋರಸಬೇಕ್ರಿ.”